ಹೆಸರು ಹೇಳಲಿಚ್ಛಿಸದ ದಾನಿ

ವಾಕ್ಯ ಇನ್ನೂ ಸರಿಯಾಗಿ ಕೂತಿರಲಿಲ್ಲ. ಆಳಂದ ಬಿಟ್ಟಾಗಿನಿಂದ ಶಾಂತಕುಮಾರ ಅದನ್ನು ಬಾಯೊಳಗೇ ಹೊರಳಿಸುತ್ತಿದ್ದ. 'ತುಳಸಾಬಾಯಿ, ನಿಮಗ ಕೊಟ್ಟ ಆ ಕುರ್ಚಿ ಸ್ವಲ್ಪ ವಾಪಸ್ ಬೇಕಾಗಿತ್ತು.' ಇದರಲ್ಲಿ 'ಸ್ವಲ್ಪ' ನಗೆಪಾಟಲಾಗಿತ್ತು. ಕುರ್ಚಿಯನ್ನು ಸ್ವಲ್ಪವೇ ವಾಪಸು ಪಡೆಯುವುದು ಹೇಗೆ? 'ಬದಲಿ ಮಾಡಿಕೊಡ್ತೀವಿ' ಅಂದರೆ ಅಂಗಡಿಯವನ ಮಾತು. 'ಸಮಿತಿ ತೀರ್ಮಾನ ಮಾಡೇದ' ಅನ್ನುವುದು ಸುಳ್ಳು. ಆದರೆ ಇಪ್ಪತ್ತೆಂಟು ವರ್ಷ ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವನಿಗೆ, ಒಬ್ಬನೇ ಹೇಳುವ ಸುಳ್ಳಿಗಿಂತ ಸಮಿತಿಯಾಗಿ ಹೇಳುವ ಸುಳ್ಳು ಹಗುರ ಎಂಬುದು ಗೊತ್ತಿತ್ತು. ಟೆಂಪೋ ಕುಣಿದಾಗೆಲ್ಲ ವಾಕ್ಯದ ಒಂದು ಪದ ಉದುರುತ್ತಿತ್ತು. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟುಕೊಂಡು, ಇವನ ಕಡೆ ಗಮನವೇ ಇಲ್ಲದಂತೆ ನಿಂತಿತ್ತು. ಹಿಂದೆ ಹಗ್ಗ ಬಿಗಿದ ಮೂರು ಆಸನಗಳು ಕುಲುಕುತ್ತಿದ್ದವು: ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸೋಫಾದ ಒಂಟಿ ಸೀಟು. ಒಂದಕ್ಕೆ ಮೂರು. ಈ ಲೆಕ್ಕ ಹೆಂಡತಿ ಬಸವೇಶ್ವರಿಯದು. "ಒಂದ್ ಕೇಳಿ ಮೂರ್ ಕೊಟ್ರ ಯಾರ್ ಒಲ್ಲೆ ಅಂತಾರ್ರಿ?" ಎಂದು ಅವಳು ಚಹಾ ಸೋಸುತ್ತ ಅಂದಿದ್ದಳು, ಕುರ್ಚಿಯನ್ನು ಮನೆಯಿಂದ ಸಾಗಹಾಕುವ ಮಾತು ಮೊದಲು ಎತ್ತಿದವಳು ತಾನಲ್ಲವೇ ಅಲ್ಲ ಎಂಬ ದನಿಯಲ್ಲಿ.

"ಸರ್, ಬಾಯಾಗ ಏನ್ ಮಂತ್ರ ಹೇಳಾಕತ್ತೀರಿ?" ಎಂದ ಸ್ಟಿಯರಿಂಗ್ ಹಿಡಿದಿದ್ದ ಮಸೂದ. "ನಿಮ್ಮಾಗ ಮಂತ್ರ ಗಿಂತ್ರ ಇಲ್ಲಂತ ಭಾಷಣದಾಗ ಹೇಳ್ತಿರ್ತೀರಿ."

"ಏನಿಲ್ಲ, ನೀ ರಸ್ತೆ ನೋಡು."

"ನಾ ನೋಡಾಕತ್ತೇನ್ರಿ. ರಸ್ತೆನ ಕಾಣವಲ್ದು."

ಮಸೂದ ಐವತ್ತು ದಾಟಿದ ಆಸಾಮಿ. ಬಡಗಿ ಕೆಲಸ ಗೊತ್ತು, ಟೆಂಪೋ ಸ್ವಂತದ್ದು, ಶಾಂತಕುಮಾರನ ಮನೆಯಿಂದ ಮೂರನೇ ಮನೆ. ಆಸನ ದಾಸೋಹ ಸಮಿತಿ ಹುಟ್ಟಿದ ದಿನದಿಂದ ಅದರ ನಿಜವಾದ ಕೈಕಾಲು ಅವನೇ. ಶಾಂತಕುಮಾರ ಅದರ ಕಾರ್ಯದರ್ಶಿ, ಅಂದರೆ ನಾಲಿಗೆ. ಆಳಂದದ ಅನುಕೂಲಸ್ಥರು ಹಳೆಯ ಸಾಗವಾನಿ ಕುರ್ಚಿಗಳನ್ನು ಮಾರಲೂ ಆಗದೆ, ಇಡಲೂ ಆಗದೆ ಒದ್ದಾಡುವಾಗ ಸಮಿತಿ ಹೋಗಿ ಎತ್ತಿಕೊಂಡು ಬರುತ್ತಿತ್ತು. ಮಸೂದ ಮೊಳೆ ಬಡಿದು, ವಾರ್ನಿಶ್ ಹಚ್ಚಿ, ಅಫಜಲಪುರ, ಜೇವರ್ಗಿ ಸೀಮೆಯ ತನಕ ಇಲ್ಲದವರ ಮನೆಗೆ ಮುಟ್ಟಿಸುತ್ತಿದ್ದ. ಮುಟ್ಟಿಸುವ ಮೊದಲು ಒಂದು ಪದ್ಧತಿಯಿತ್ತು. ಅದಕ್ಕೆ ಸಮಿತಿಯೊಳಗಿನ ಹೆಸರು 'ನೆಲ ನೋಡೋದು'. ಕಾರ್ಯದರ್ಶಿ ಸ್ವತಃ ಹೋಗಿ ಆ ಮನೆಯವರು ನಿಜಕ್ಕೂ ನೆಲದ ಮೇಲೆ ಕೂಡುತ್ತಾರೋ ಇಲ್ಲವೋ ನೋಡಿ ಬರಬೇಕು. ಹೋದವರು ಕೂಡಬಾರದು, ಯಾಕಂದರೆ ಕೂಡಲು ಏನಾದರೂ ಕೊಟ್ಟರೆ ಆ ಮನೆಯಲ್ಲಿ ಆಸನ ಇದೆಯೆಂದಾಯಿತು, ಹೆಸರು ಕಾಟು. ಊರೂರಿಗೆ ಈ ಸುದ್ದಿ ಹಬ್ಬಿ, ಸಮಿತಿಯ ಟೆಂಪೋ ಕಂಡರೆ ಜನ ಇದ್ದ ಸ್ಟೂಲನ್ನು ಪಕ್ಕದ ಮನೆಗೆ ದಾಟಿಸಿ, ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿ ಗೌರವಿಸತೊಡಗಿದರು. ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಒಂದೇ ಓಣಿಯ ಐದು ಮನೆಯ ಸ್ಟೂಲುಗಳು ಆರನೆಯ ಮನೆಯಲ್ಲಿ ಒಂದರ ಮೇಲೊಂದು ಕೂತಿದ್ದನ್ನು ಶಾಂತಕುಮಾರ ಕಣ್ಣಾರೆ ಕಂಡಿದ್ದ. ಕಂಡು, ಕಾಣದವನಂತೆ ಬಂದಿದ್ದ. ಆ ದಿನ ತನ್ನ ಔದಾರ್ಯ ತನಗೇ ಬಹಳ ಹಿಡಿಸಿತ್ತು.

ನರೋಣಾದ ತುಳಸಾಬಾಯಿ ಮಾತ್ರ ಏನನ್ನೂ ಬಚ್ಚಿಡಲಿಲ್ಲ, ಬಚ್ಚಿಡಲು ಇರಲೂ ಇಲ್ಲ. ಒಂಬತ್ತು ತಿಂಗಳ ಹಿಂದೆ ಸಮಿತಿಯ ಯಾದಿ ಪಟ್ಟಿಯ ಪ್ರಶ್ನೆ ಓದುತ್ತ "ಮನಿಗೆ ಬಂದವ್ರು ಎಲ್ಲಿ ಕೂಡ್ತಾರ?" ಎಂದು ಕೇಳಿದಾಗ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಂದವ್ರು ಎಲ್ಲಿ ಕೂಡ್ತಾರ್ರಿ? ನಿಂತ ಹೋಗ್ತಾರ, ನಿಮ್ಹಂಗ" ಅಂದಿದ್ದಳು. ಅದರಲ್ಲಿ ಕುಟುಕು ಇತ್ತೋ ಇಲ್ಲವೋ ಇವತ್ತಿಗೂ ಅವನಿಗೆ ಬಗೆಹರಿದಿಲ್ಲ.

ಕಿಸೆಯಲ್ಲಿ ಫೋನು ನಡುಗಿತು. ಸೋಲಾಪುರದಿಂದ ತಂಗಿ ಭಾಗ್ಯಜ್ಯೋತಿ. ಅವನು ಎತ್ತಲಿಲ್ಲ. ಎತ್ತದಿದ್ದರೂ ಅವಳ ಸಂದೇಶ ನಸುಕಿನಿಂದ ಮನೆಯವರ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳ ನಡುವೆ ಕೂತೇ ಇತ್ತು: 'ನಾಳಿ ಅಪ್ಪಾರ ವರ್ಷದ ಸ್ಮರಣಿಗೆ ಫೋಟೋ ಟೇಬಲ್ ಮ್ಯಾಲ ಬ್ಯಾಡ, ಅವ್ರ ಕುರ್ಚಿ ಮ್ಯಾಲೇ ಇಡೂಣು. ನಾ ಇವತ್ತ ಸಂಜಿ ಬರ್ತೇನಿ, ಹೂವಿನ ಮಾಲಿ ಕುರ್ಚಿ ಅಳತಿಗೇ ಮಾಡಿಸೀನಿ.' ಅಳತೆ! ಅವಳಿಗೆ ಆ ಕುರ್ಚಿಯ ಅಳತೆ ನೆನಪಿದೆ. ಸಂಜೆಯೊಳಗೆ ಅದು ಪಡಸಾಲೆಯ ಮೂಲೆಯಲ್ಲಿ, ಎಂದೂ ಅಲ್ಲಾಡಲೇ ಇಲ್ಲವೆಂಬಂತೆ ನಿಂತಿರಬೇಕು. ಇಲ್ಲದಿದ್ದರೆ ಎಲ್ಲಿ ಹೋಯಿತು ಎಂಬ ಪ್ರಶ್ನೆ, ಆ ಪ್ರಶ್ನೆಯ ಬಾಲ ಹಿಡಿದು ಯಾಕೆ ಹೋಯಿತು ಎಂಬ ಪ್ರಶ್ನೆ.

ಅಪ್ಪ, ಊರ ಬಾಯಲ್ಲಿ ದೊಡ್ಡಪ್ಪ ವಕೀಲರು, ನಲವತ್ತು ವರ್ಷ ಅದರಲ್ಲಿ ಕೂತಿದ್ದರು. ದಪ್ಪ ಕೈಗಳ, ಎರಡು ಆಳು ಎತ್ತಬೇಕಾದ ಸಾಗವಾನಿ ಕುರ್ಚಿ. ಶರಣರ ಧರ್ಮದಲ್ಲಿ ಮೇಲು ಕೀಳು ಇಲ್ಲ ಎಂಬುದನ್ನು ಅವರು ಅದರಲ್ಲಿ ಕೂತೇ ಹೇಳುತ್ತಿದ್ದರು. ಕೇಳುವ ಕಕ್ಷಿದಾರರು ಎದುರಿಗೆ ಪರಸಿ ಕಲ್ಲಿನ ನೆಲದ ಮೇಲೆ ಕೂತು ಹೌದ್ರಿ ಹೌದ್ರಿ ಅನ್ನುತ್ತಿದ್ದರು. ಸತ್ತ ದಿನ ಅವರನ್ನು ಅದರಲ್ಲೇ ಕೂಡಿಸಿದರು. ಕೂಡಿಸಿಯೇ ಒಯ್ಯುವುದು, ಕೂಡಿಸಿಯೇ ಮಣ್ಣು ಮಾಡುವುದು ಕುಲದ ಕ್ರಮ. ಹಣೆಗೆ ವಿಭೂತಿ, ಹೆಗಲಿಗೆ ಶಲ್ಯ, ಮುಂದೆ ಭಜನೆಯವರು. ಒಂದು ವಾದ ಗೆದ್ದು ಕೂತವರಂತೆಯೇ ಇದ್ದರು. ಹನ್ನೊಂದು ಗಂಟೆಯ ಹೊತ್ತಿಗೆ, ತಾಳ ಏರಿದಾಗ, ಅಪ್ಪ ಮೆಲ್ಲಗೆ ಬಲಕ್ಕೆ ವಾಲಿದರು. ಬಲಕ್ಕೆ ಶಾಂತಕುಮಾರನೇ ನಿಂತಿದ್ದ. ಅವನ ಕೈ ಮುಂದೆ ಹೋಯಿತು, ಅಂಗಿಯ ಮೇಲಿಂದ ತಣ್ಣನೆಯ ತೋಳು ತಾಗಿತು. ಆಮೇಲೆ ಕೈ, ಯಾರ ಅಪ್ಪಣೆಯನ್ನೂ ಕೇಳದೆ, ಹಿಂದಕ್ಕೆ ಬಂದು ಅವನ ಸ್ವಂತ ಎದೆಗೆ ಅಂಟಿಕೊಂಡಿತು. ಒಂದು ಹೆಜ್ಜೆ ಹಿಂದೆಯೂ ಸರಿದಿದ್ದ. ಗುಂಪಿನ ಹಿಂದಿನಿಂದ ಯಾರದೋ ಗಂಟು ಬಿದ್ದ ಕೈ ತೂರಿ ಬಂದು ಅಪ್ಪನ ಭುಜ ಹಿಡಿಯಿತು. "ಜರಾ ಗಟ್ಟಿ ಕಟ್ರಿ, ವಕೀಲ್ ಸಾಬ್ ಜಾರಾಕತ್ತಾರ" ಎಂದ ದನಿ ಮಸೂದನದು. ಧೋತರದ ತುಂಡು ತಂದು ಎದೆಗೂ ಕುರ್ಚಿಯ ಕೈಗಳಿಗೂ ಸುತ್ತಿ ಬಿಗಿದರು. ಇಷ್ಟೂ ಹೊತ್ತು ಎದುರಿಗೆ ಭಾಗ್ಯಜ್ಯೋತಿ ಅಳುತ್ತಿದ್ದಳು. ಅಳುವವರ ಕಣ್ಣಿಗೆ ಕಾಣಿಸುತ್ತದೆಯೆ? ಒಂದು ವರ್ಷದಿಂದ ಅವನು ಈ ಪ್ರಶ್ನೆಯನ್ನು ಎಲ್ಲಿ ಇಡಬೇಕು ತಿಳಿಯದೆ ಮನೆಯೊಳಗೆ ಹೊತ್ತು ತಿರುಗಿದ್ದ.

ಅದಕ್ಕಿಂತ ತಮಾಷೆಯೆಂದರೆ, ಅದಾದ ತಿಂಗಳೊಪ್ಪತ್ತಿಗೆ ಅವನು ಸಮಾಜದ ಸಭೆಯಲ್ಲಿ 'ಸೂತಕವೆಂಬ ಭ್ರಮೆ' ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದ್ದ. ಸಾವಿನಲ್ಲಿ ಮೈಲಿಗೆಯಿಲ್ಲ, ಹೆಣದಲ್ಲಿ ಭಯವಿಲ್ಲ ಎಂದು ಉಪಪತ್ತಿ ಸಮೇತ. ಮನೆಗೆ ಬಂದರೆ ಕುರ್ಚಿ. ಅದರಲ್ಲಿ ಯಾರೂ ಕೂಡುತ್ತಿರಲಿಲ್ಲ. ಬಸವೇಶ್ವರಿ ಅದರ ಕೆಳಗೆ ಕಸ ಗುಡಿಸುವುದನ್ನು ಬಿಟ್ಟಿದ್ದಳು. ಕೇಳಿದರೆ ಸೊಂಟ ನೋವು. ಮಧ್ಯಾಹ್ನ ಬಿಸಿಲಿಗೆ ಕಟ್ಟಿಗೆ 'ಟಕ್' ಎಂದರೆ ಗಂಡ ಹೆಂಡತಿ ಇಬ್ಬರೂ ಪೇಪರಿನಿಂದ ತಲೆ ಎತ್ತದೆ ಒಂದೇ ಸಾಲನ್ನು ಎರಡೆರಡು ಸಲ ಓದುತ್ತಿದ್ದರು. ಕೊನೆಗೆ ಮೂರನೇ ತಿಂಗಳು ಅವಳೇ ಅಂದಳು: "ಇಲ್ಲದವ್ರ ಮನ್ಯಾಗ ಉಪಯೋಗಕ್ಕರ ಬರ್ತದ. ನೀವ ಹೇಳ್ತೀರಲ್ಲ, ದಾಸೋಹ." ಅವನು ಆ ಮಾತನ್ನು ಹಿಡಿದುಕೊಂಡ ವೇಗ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪಟ್ಟಿಯಲ್ಲಿ ದಾನಿಯ ಹೆಸರಿನ ಜಾಗದಲ್ಲಿ 'ಹೆಸರು ಹೇಳಲಿಚ್ಛಿಸದವರು' ಎಂದು ಬರೆಸಿದ. ತನ್ನ ಹೆಸರನ್ನು ಕೆತ್ತಿಸದೆ ಒಂದು ಮುರುಕು ಸ್ಟೂಲನ್ನೂ ಬಿಡದ ಊರಿನಲ್ಲಿ ಇಂಥ ದಾನಿ ಇದೇ ಮೊದಲು. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಎದ್ದು, ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯದ ಈ ಮಹಾನುಭಾವರಿಗೆ ಚಪ್ಪಾಳೆ ಎಂದರು. ಕಾರ್ಯದರ್ಶಿಯೂ ತಟ್ಟಿದ. ತಟ್ಟದಿದ್ದರೆ ಅನುಮಾನ ಬರುತ್ತಿತ್ತು. ಹಿಂದಿನ ಸಾಲಿನಲ್ಲಿ ಮಸೂದನೂ ತಟ್ಟುತ್ತಿದ್ದ, ಉಳಿದವರಿಗಿಂತ ತುಸು ಹೆಚ್ಚು ಹೊತ್ತು.

"ಬಂತ್ರಿ" ಎಂದ ಮಸೂದ.

ತುಳಸಾಬಾಯಿಯ ಮನೆ ಶಾಲೆಯ ಹಿಂದಿನ ಓಣಿಯಲ್ಲಿತ್ತು. ಕಲ್ಲಿನ ಗೋಡೆ, ಮೇಲೆ ತಗಡಿನ ಪತ್ರಾ, ಮುಂದೆ ಬೇವಿನ ಗಿಡ, ಗಿಡಕ್ಕೊಂದು ಆಡು. ಅವಳು ಹೊಸಿಲಲ್ಲಿ ಕೂತು ಸಜ್ಜೆ ಕೇರುತ್ತಿದ್ದಳು. ಟೆಂಪೋ ನೋಡಿ ಮೊರ ಕೆಳಗಿಟ್ಟಳು. ಹಗ್ಗ ಬಿಚ್ಚಿ ಮೂರೂ ಆಸನಗಳನ್ನು ಮಸೂದ ಬೇವಿನ ನೆರಳಲ್ಲಿ ಸಾಲಾಗಿ ಇಳಿಸಿದ. ನೆರಳಲ್ಲಿ ಅವು ಯಾರದೋ ಸಭೆಗೆ ಬೇಗ ಬಂದು ಕಾಯುತ್ತಿರುವವರಂತೆ ಕಂಡವು.

"ಏನ್ ಸಾಹೇಬ್ರ, ನಮ್ಮ ಓಣ್ಯಾಗ ಲಗ್ನ ಐತೇನು?" ಎಂದಳು.

ವಾಕ್ಯ ಬಂತು, ಆದರೆ ತಲೆಕೆಳಗಾಗಿ ಬಂತು. ಸಮಿತಿ, ಬದಲಿ, ವಾಪಸು, ಸ್ವಲ್ಪ. ನಾಲ್ಕೂ ಒಟ್ಟಿಗೆ. ಅವಳು ಪೂರ್ತಿ ಕೇಳಿ, ಸೋಫಾ ಸೀಟಿನ ಮೇಲೆ ಅಂಗೈ ಒತ್ತಿ ನೋಡಿದಳು. ಅದು ಕೆಳಗೆ ಹೋಗಿ ಮತ್ತೆ ಮೇಲೆ ಬರಲಿಲ್ಲ.

"ಆ ಕುರ್ಚಿ ಯಾಕ್ರಿ ಬೇಕಾತು?"

"ಅದು... ದಾನಿ ಕೇಳಾಕತ್ತಾರ. ಅವ್ರ ತಂದೀದಂತ. ನಾಳಿ ವರ್ಷದ ಸ್ಮರಣಿ."

"ಕೊಡುವಾಗ ತಂದೀದು ಇರಲಿಲ್ಲೇನು?"

ಮಸೂದ ಟೆಂಪೋದ ಟಾಯರನ್ನು ಕಾಲಲ್ಲಿ ಒದ್ದು ಗಾಳಿ ಪರೀಕ್ಷಿಸಿದ. ಅದಕ್ಕೆ ಈ ಹೊತ್ತಿನಲ್ಲಿ ಅಂಥ ಅವಶ್ಯಕತೆ ಇರಲಿಲ್ಲ.

"ಆ ದಾನಿ ಮನ್ಯಾಗ ಎಷ್ಟ ಮಂದಿ ಅದಾರ್ರಿ?" ತುಳಸಾಬಾಯಿಯ ದನಿ ಒಮ್ಮೆಲೇ ಕಚೇರಿಯ ದನಿಯಾಯಿತು. ಆ ದನಿ ಎಲ್ಲೋ ಕೇಳಿದ್ದು ಅನ್ನಿಸಿ, ಅದು ತನ್ನದೇ ಎಂದು ಅವನಿಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು.

"ಇಬ್ಬರು."

"ಕೂಡಾಕ ಏನೇನ್ ಅದಾವ?"

ಅವನು, ಬೇಡವೆಂದರೂ, ಎಣಿಸಿದ. ಊಟದ ಮೇಜಿನ ಸುತ್ತ ಆರು, ಸೋಫಾ, ಎರಡು ಬೆತ್ತದ್ದು, ಅಂಗಳದಲ್ಲಿ ಎರಡು. "ಹನ್ನೊಂದು."

"ಹಂಗಾದ್ರ ಅವ್ರ ಹೆಸರ ಯಾದ್ಯಾಗ ಬರೂದಿಲ್ರಿ" ಎಂದಳು. ನಗಲಿಲ್ಲ. ನಕ್ಕಿದ್ದರೆ ಅವನೂ ನಕ್ಕು ಪಾರಾಗುತ್ತಿದ್ದ. "ಬರ್ರಿ, ಒಳಗ ಬಂದು ನೋಡ್ರಿ. ನೆಲ ನೋಡಿ ಹೋದವ್ರು ಆಮ್ಯಾಲ ಮಾರಿ ತೋರಿಸಿಲ್ಲ."

ಒಳಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕಾಯಿತು. ಮೊದಲು ಕಂಡದ್ದು ನೆಲದ ಹಾಸಿಗೆಯ ಮೇಲೆ ಗೋಡೆಗೊರಗಿದ್ದ ಗೋವಿಂದ, ತುಳಸಾಬಾಯಿಯ ಗಂಡ. ಲಕ್ವಾ ಹೊಡೆದು ಮೈಯ ಬಲಗಡೆ ಬಿದ್ದುಹೋಗಿ ಎರಡು ವರ್ಷ. ಬಾಯಿ ಒಂದು ಕಡೆ ಎಳೆದುಕೊಂಡು ಸದಾ ಯಾವುದೋ ಅರ್ಧ ನಗೆಯಲ್ಲಿದ್ದ. ಆಮೇಲೆ ಮೂಲೆಯಲ್ಲಿ, ಹಳೆಯ ಸೀರೆಯ ಪರದೆಯ ಆಚೆ, ಕುರ್ಚಿ. ಅಪ್ಪನ ಕುರ್ಚಿಯೇ. ಕೈಗಳು ಹೊಳೆಯುತ್ತಿದ್ದವು. ಕೂಡುವ ಹಲಗೆಯ ನಡುವೆ ಒಂದು ದುಂಡನೆಯ ತೂತಿತ್ತು. ತೂತಿನ ಕೆಳಗೆ ನೀಲಿ ಬಕೆಟ್ಟು.

ಶಾಂತಕುಮಾರನ ತಲೆಗೆ ಮೊದಲು ಬಂದದ್ದು ಒಂದು ಅಸಂಬದ್ಧ ಮೆಚ್ಚುಗೆ: ತೂತಿನ ಅಂಚನ್ನು ಎಷ್ಟು ನುಣ್ಣಗೆ ಉಜ್ಜಿದ್ದಾರೆ, ಎಲ್ಲೂ ಒಂದು ಸಿಬಿರಿಲ್ಲ. ಇಂಥ ಕೈ ಈ ಸೀಮೆಯಲ್ಲಿ ಒಂದೇ. ಅವನು ತಿರುಗಿ ನೋಡಿದ.

"ನೀವ್ ಕೇಳಲಿಲ್ರಿ" ಎಂದ ಬಾಗಿಲಲ್ಲಿ ನಿಂತ ಮಸೂದ. "ಯಾದ್ಯಾಗ ಆ ಪ್ರಶ್ನಾ ಇಲ್ಲ. 'ಆಸನ ಮುಟ್ಟಿತೇ, ಹೌದು, ಇಲ್ಲ.' ಮುಟ್ಟೇದ."

"ದವಾಖಾನಿಯವ್ರು ಒಂದು ಕೊಟ್ಟಿದ್ರು, ಅಲ್ಯುಮಿನಿದು" ಎಂದಳು ತುಳಸಾಬಾಯಿ. "ಹಗೂರ. ಇವ್ರು ಒಂದ್ ಕಡೀ ವಾಲಿದ್ರ ಕುರ್ಚೀನೂ ಕೂಡೇ ವಾಲ್ತಿತ್ತು. ಎರಡ್ ಸಲ ಬಿದ್ದ್ರು. ಇದು ಗಟ್ಟಿ. ಆನಿ ಕೂತ್ರೂ ಮಿಸುಕೂದಿಲ್ಲ." ಅವಳು ಕುರ್ಚಿಯ ಕೈ ಸವರಿದಳು. ವಾರ್ನಿಶ್ ಸವೆದು ಬಿದ್ದ ಒಂದು ಬೆರಳಗಲದ ಪಟ್ಟಿಯ ಹತ್ತಿರ ಬೆರಳು ನಿಂತಿತು. "ಈ ಗುರುತು ಕಟ್ಟಿದ್ದು. ತಂದ ದಿನಾನ ತಿಳೀತು. ನಿಮ್ಮ ಮಂದಿ ಕೂಡಿಸೇ ಒಯ್ತಾರಲ್ಲ. ಸತ್ತವ್ರು ಕೂತದ್ದಂತ ಹೇಳಿದ್ರ ನಾವ್ ಒಲ್ಲೆ ಅಂತಿದ್ವಿ ಅಂತ ತಿಳಕೊಂಡ್ರೇನು? ನಾನೂ ಅಲ್ಲೇ ಕಟ್ತೇನ್ರಿ, ಹಳೇ ಸೀರಿ ಹರದು. ಗುರುತು ಇದ್ದದ್ದು ಚೊಲೋ ಆತು, ಎಲ್ಲಿ ಕಟ್ಟಬೇಕಂತ ಹುಡುಕೂದು ತಪ್ತು."

ಅವನು ಹೊಸದು ತರಿಸಿಕೊಡುತ್ತೇನೆ ಅಂದ. ಕಲಬುರಗಿಯಿಂದ, ಸ್ಟೀಲಿನದು, ಭಾರದ್ದು. ತನ್ನ ದನಿ ಹರಾಜಿನಲ್ಲಿ ಕೂಗುವವನ ದನಿಯಂತೆ ಏರುತ್ತಿದ್ದುದು ಅವನಿಗೇ ಕೇಳಿಸಿತು. ತರಿಸ್ರಿ, ಬಂದ ದಿನ ಇದನ್ನ ಒಯ್ರಿ, ಎಂದಳು ಅವಳು. ಇವತ್ತೇ ಬೇಕು, ನಾಳೆ ಒಂದೇ ದಿನ, ಎಂದ ಅವನು. "ಒಂದ್ ದಿನ ಅಂದ್ರ?" ಅವಳು ಗಂಡನ ಕಡೆ ತಿರುಗಿದಳು. "ಕೇಳಿದ್ರೇನು? ನಾಳಿ ಒಂದ್ ದಿನ ತಡ್ಕೋರಿ ಅಂತ. ದಾನಿಗೋಳ ಮನ್ಯಾಗ ಪೂಜಾ ಅದಂತ."

ಗೋವಿಂದನ ಗಂಟಲಿನಿಂದ ಒಂದು ಸದ್ದು ಬಂತು. ನಗೆಯಿರಬೇಕೆಂದು ಶಾಂತಕುಮಾರ ತಾನೂ ಹಲ್ಲು ಕಿರಿದ. ಅದು ನಗೆಯಾಗಿರಲಿಲ್ಲ. "ನೋಡ್ರಿ, ಮಾತಾಡೂದ್ರಾಗ ಬಂದ ಬಿಡ್ತು" ಎನ್ನುತ್ತ ತುಳಸಾಬಾಯಿ ಸೆರಗು ಸಿಕ್ಕಿಸಿದಳು. "ಮಸೂದಭಾಯ್, ಆ ಕಡೀ ಹಿಡೀರಿ. ಸಾಹೇಬ್ರ, ನೀವು ಹೊರಗ ನಿಲ್ರಿ, ಕರೀತೇನಿ. ಆ ಕೊಡದಾಗಿನ ನೀರು ಒಂದ್ ತಂಬಿಗಿ ತುಂಬಿ ಹಿಡ್ಕೊಂಡಿರ್ರಿ."

ಹೀಗೆ ಆಸನ ದಾಸೋಹ ಸಮಿತಿಯ ಕಾರ್ಯದರ್ಶಿ ನರೋಣಾದ ಬೇವಿನ ಗಿಡದ ಕೆಳಗೆ, ಮೂರು ಖಾಲಿ ಕುರ್ಚಿಗಳ ಮುಂದೆ, ತಂಬಿಗೆ ಹಿಡಿದು ನಿಂತ. ಕೂಡಬಹುದಿತ್ತು. ಕೂಡಬಾರದೆಂಬ ನಿಯಮ ಅವನೇ ಮಾಡಿದ್ದು. ಆಡು ಅವನನ್ನೂ ಸೋಫಾ ಸೀಟನ್ನೂ ಒಂದೊಂದು ಸಲ ನೋಡಿ, ಸೀಟನ್ನು ಆರಿಸಿಕೊಂಡು ಅದರ ಅಂಚನ್ನು ಮೆಲ್ಲತೊಡಗಿತು. ಒಳಗೆ ಎತ್ತುವ, ಸರಿಸುವ, ಏದುಸಿರಿನ ಸದ್ದು. ಫೋನು ಮತ್ತೆ ನಡುಗಿತು. ಒಂದು ಕೈಯಲ್ಲಿ ತಂಬಿಗೆ ಇದ್ದುದರಿಂದಲೋ ಏನೋ, ಕರೆ ಕತ್ತರಿಸುವ ಬದಲು ಎತ್ತಿಬಿಟ್ಟ.

"ಎಲ್ಲಿದ್ದೀ ಅಣ್ಣಾ? ಬಸ್ ಹತ್ತಾಕತ್ತೇನಿ. ಕುರ್ಚಿ ಒರಿಸಿ ಇಟ್ಟೀಯಲ್ಲ?"

"ಕುರ್ಚಿ ಮನ್ಯಾಗಿಲ್ಲ, ಭಾಗ್ಯಾ." ಇದಕ್ಕೆ ಅವನು ವಾಕ್ಯ ಹೊಂದಿಸಿಕೊಂಡಿರಲಿಲ್ಲ. ಹೊಂದಿಸದ ವಾಕ್ಯ ಒಂದೂ ಪದ ಉದುರದೆ ಬಂತು. "ಕೊಟ್ಟಬಿಟ್ಟೆ. ನರೋಣಾದಾಗ ಒಬ್ಬ ಲಕ್ವಾ ಆದವ್ರಿಗೆ. ಅವ್ರು ನಡುವ ತೂತ್ ಮಾಡಿಸ್ಯಾರ. ಸಂಡಾಸಕ್ಕ."

ಸೋಲಾಪುರದ ಬಸ್‌ಸ್ಟ್ಯಾಂಡು ಪೂರ್ತಿ ಫೋನಿನಲ್ಲಿ ಕೇಳಿಸಿತು: ಕಂಡಕ್ಟರ, ಶೇಂಗಾ ಮಾರುವವಳು, ಒಂದು ಮಗು.

"ಅಂಜಿ ಕೊಟ್ಟಿ?" ಎಂದಳು ಭಾಗ್ಯಜ್ಯೋತಿ.

"ಹೂಂ."

"ಗೊತ್ತಿತ್ತು. ಅವತ್ತ ಅಪ್ಪ ವಾಲಿದಾಗ ನೀ ಕೈ ಹಿಂದ ತಗೊಂಡೀದಿ. ನಾ ನೋಡೀನಿ." ಸಿಟ್ಟಿರಲಿಲ್ಲ, ತರಕಾರಿ ಕೊಳ್ಳುವಾಗ ಆಡುವ ದನಿ. ವರ್ಷವಿಡೀ ಹೊತ್ತು ತಿರುಗಿದ ಪ್ರಶ್ನೆ ಹೀಗೆ ಒಂದು ಉಸಿರಿನಲ್ಲಿ ಮುಗಿದುಹೋಯಿತು. ಅವನಿಗೆ ಹಗುರಾಗುವ ಬದಲು ಮೋಸ ಹೋದಂತಾಯಿತು. ಅಷ್ಟರಲ್ಲಿ ಅವಳೇ ಕೇಳಿದಳು: "ತೂತು ಎಷ್ಟ ದೊಡ್ಡದದ?"

"ಯಾಕ?"

"ಶಾಲು ಹೊದಸಿದ್ರ ಕಾಣಸ್ತದೇನು? ಫೋಟೋ ಮ್ಯಾಲ ಇಟ್ರ ಯಾರಿಗಿ ಗೊತ್ತಾಗ್ತದ? ಬೀಗ್ರು ಬರ್ತಾರೋ ನಾಳಿ. ಮಾಲಿ ಮಾಡಿಸಿಬಿಟ್ಟೀನಿ. ಡೆಟಾಲ್ ಹಾಕಿ ತೊಳಸು, ಒಂದ್ ದಿನದ ಮಟ್ಟಿಗಿ ತೊಗೊಂಡ್ ಬಾ. ಸಂಜಿಗಿ ಕೊಟ್ಟಬಿಡೂಣು."

ಆಗುವ ಮಾತೇ. ಶಾಲು ಹೊದಿಸಿದರೆ ಕಾಣಿಸುವುದಿಲ್ಲ. ಮೇಲೆ ಅಪ್ಪನ ನಗುಮುಖ, ಕೆಳಗೆ ಯಾರಿಗೂ ಗೊತ್ತಿಲ್ಲದ ಒಂದು ದುಂಡನೆಯ ಕತ್ತಲು. ಕಾರ್ಯದರ್ಶಿ ಎದುರಿಗೆ ನಿಂತು ದಾಸೋಹದ ಬಗ್ಗೆ ನಾಲ್ಕು ಮಾತು ಆಡಬಹುದು. ಅವನಿಗೆ ಅದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಮಾತಿನ ಮೊದಲ ಸಾಲು ತಂತಾನೇ ಹೊಂದಿಕೊಳ್ಳತೊಡಗಿತು.

"ಸಾಹೇಬ್ರ!" ಒಳಗಿನಿಂದ ತುಳಸಾಬಾಯಿ. "ನೀರು! ಜಲ್ದಿ ಬರ್ರಿ, ಇವ್ರು ಜಾರಾಕತ್ತಾರ!"

"ಆಗೂದಿಲ್ಲ, ಭಾಗ್ಯಾ" ಎಂದ. "ಖಾಲಿ ಇಲ್ಲ. ಫೋಟೋ ಟೇಬಲ್ ಮ್ಯಾಲೇ ಇಡೂಣು." ಅವಳು ಏನೋ ಅನ್ನುತ್ತಿದ್ದಾಗಲೇ ಫೋನನ್ನು ಕಿಸೆಗೆ ಹಾಕಿಕೊಂಡು ಹೊಸಿಲು ದಾಟಿದ.

ಪರದೆಯ ಆಚೆ ಅಪ್ಪನ ಕುರ್ಚಿಯಲ್ಲಿ ಗೋವಿಂದ ಕೂತಿದ್ದ, ಸೀರೆಯ ತುಂಡು ಎದೆಗೆ ಅರ್ಧ ಸುತ್ತಿತ್ತು. ಗಂಟು ಬಿಚ್ಚಿಕೊಂಡಿತ್ತು. ತುಳಸಾಬಾಯಿ ಒಂದು ಕೈಯಲ್ಲಿ ಅದರ ತುದಿ ಹುಡುಕುತ್ತಿದ್ದಳು. ಮಸೂದ ಎಡಗಡೆ ಸಿಕ್ಕಿಕೊಂಡಿದ್ದ, ಈ ಸಲ ಅವನ ಕೈ ಎಟಕುವಂತಿರಲಿಲ್ಲ. ಗೋವಿಂದ ಮೆಲ್ಲಗೆ, ಒಂದು ವಾದ ಸೋತವನಂತೆ, ಬಲಕ್ಕೆ ವಾಲಿದ. ಶಾಂತಕುಮಾರನ ಕೈ ಮುಂದೆ ಹೋಯಿತು. ತೋಳು ಬೆಚ್ಚಗಿತ್ತು, ಬೆವರಿತ್ತು, ನಂಬಲಾಗದಷ್ಟು ಭಾರವಿತ್ತು. ವಾಸನೆ ಮೂಗಿಗೆ ಹೊಡೆಯಿತು. ತಂಬಿಗೆಯ ಅರ್ಧ ನೀರು ಅವನ ಪ್ಯಾಂಟಿನ ಮೇಲೆ ಹೋಯಿತು. ಕೈ ಅಲ್ಲೇ ಇತ್ತು. ತುಳಸಾಬಾಯಿ ಗಂಟು ಹಾಕಿ ಮುಗಿಸುವ ತನಕ, ಆಮೇಲೆಯೂ ಒಂದಷ್ಟು ಹೊತ್ತು, ಅಲ್ಲೇ ಇತ್ತು. ಇದನ್ನು ಮುಂದೆ ಎಂದಾದರೂ ಧೈರ್ಯವೆಂದು ಕರೆದುಕೊಳ್ಳುವ ಆಸೆ ಆ ಕ್ಷಣವೇ ಅವನೊಳಗೆ ತಲೆಯೆತ್ತಿತು. ಒಂದು ಹೆಜ್ಜೆ ಹಿಂದೆ ಸರಿದು ಅದನ್ನು ನೋಡಿಕೊಳ್ಳಬೇಕೆನ್ನಿಸಿತು. ಸರಿಯಲು ಹೋದ. ಬೆನ್ನಿಗೆ ಗೋಡೆ ತಾಗಿತು. ಆ ಮನೆಯಲ್ಲಿ ಹಿಂದೆ ಸರಿಯುವಷ್ಟು ಜಾಗ ಇರಲಿಲ್ಲ.